ಆಪಾಳ ಕಂಪ್ಯೂಟರ್ ತಾನಾಗಿ ಮಾತಾಡಿದ ದಿನ

"ಯೇ ಬೋಲ್‌ತಾಚ್ ನೈ ರೇ!"

ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನನ್ನ ಪ್ರತಿ ಬೆಳಗೂ ಈ ಒಂದು ಮಾತಿನಿಂದಲೇ ಶುರುವಾಗುತ್ತಿತ್ತು. 'ಇದು ಮಾತಾಡ್ತಾನೇ ಇಲ್ಲ ಕಣೋ' ಅಂತ ಅರ್ಥ. ಹೇಳುತ್ತಿದ್ದವಳು ನನ್ನ ಆಪಾ, ಅಂದರೆ ಅಕ್ಕ. ಮಾತಾಡದೆ ಕೂತಿರುತ್ತಿದ್ದದ್ದು ನಮ್ಮ ಮನೆಯ ಕಂಪ್ಯೂಟರ್. ಆಪಾ ಫಜರ್ ನಮಾಜ್ ಮುಗಿಸಿ ಐದೂವರೆಗೆಲ್ಲ ಅದರ ಮುಂದೆ ಕೂರುತ್ತಾಳೆ. ನಾನು ಆ ಹೊತ್ತಿಗೆ ಕಂಬಳಿಯೊಳಗೆ ಇರುತ್ತೇನೆ. (ಇದನ್ನು ಅರೇಬಿಕ್ ಸರ್ ಓದುವುದಿಲ್ಲ ಅಂತ ನಂಬಿದ್ದೇನೆ.)

ಆಪಾಗೆ ಕಣ್ಣು ಕಾಣುವುದಿಲ್ಲ. ಒಂಬತ್ತು ವರ್ಷದವಳಿದ್ದಾಗ ದೃಷ್ಟಿ ಹೋಯಿತು. ಈಗ ಬಿ.ಎ. ಎರಡನೇ ವರ್ಷದಲ್ಲಿದ್ದಾಳೆ. ಮೊಬೈಲಿನಲ್ಲಿ ಪರದೆ ಓದುವ ತಂತ್ರಾಂಶ ಇಟ್ಟುಕೊಂಡು ನನಗಿಂತ ವೇಗವಾಗಿ ಮೆಸೇಜ್ ಕಳಿಸುತ್ತಾಳೆ. ಆದರೆ ಹತ್ತು ಪುಟದ ಅಸೈನ್‌ಮೆಂಟನ್ನು ಮೊಬೈಲಿನಲ್ಲಿ ಬರೆಯುವುದು ಸುಲಭವಲ್ಲ. ಅದಕ್ಕೆ ಕೀಬೋರ್ಡ್ ಬೇಕು. ಕೀಬೋರ್ಡ್ ಅವಳಿಗೆ ಚೆನ್ನಾಗಿ ಗೊತ್ತು. ಎಫ್ ಮತ್ತು ಜೆ ಕೀಗಳ ಮೇಲಿನ ಸಣ್ಣ ಗೆರೆಗಳನ್ನು ಬೆರಳಿನಲ್ಲಿ ಹುಡುಕಿಕೊಂಡರೆ ಸಾಕು, ಉಳಿದದ್ದೆಲ್ಲ ಕೈಗೆ ಬರುತ್ತದೆ.

ನಮ್ಮದು ಅಬ್ಬಾ ಸೆಕೆಂಡ್ ಹ್ಯಾಂಡಿನಲ್ಲಿ ತಂದ ಡೆಸ್ಕ್‌ಟಾಪ್. ಒಳಗಿರುವುದು 2011ರ ಕಾಲದ ಇಂಟೆಲ್ ಕೋರ್ ಐ3. ಇಷ್ಟು ಹಳೆಯ ಪ್ರೊಸೆಸರನ್ನು ವಿಂಡೋಸ್ 11 ಒಪ್ಪುವುದಿಲ್ಲ. ಹಾಗಾಗಿ ನಾನು ಫಸ್ಟ್ ಪಿಯುಸಿಯಲ್ಲಿದ್ದಾಗಲೇ ಅದಕ್ಕೆ ಡೆಬಿಯನ್ ಲಿನಕ್ಸ್ ಹಾಕಿದ್ದೆ. ದುಡ್ಡು ಕೊಡಬೇಕಿಲ್ಲ, ಹಳೆಯ ಯಂತ್ರದಲ್ಲೂ ಓಡುತ್ತದೆ. ಲಿನಕ್ಸ್‌ನಲ್ಲಿ ಓರ್ಕಾ ಎಂಬ ಸ್ಕ್ರೀನ್ ರೀಡರ್ ಇದೆ. ಪರದೆಯ ಮೇಲೆ ಏನಿದೆ, ಯಾವ ಬಟನ್ ಮೇಲಿದ್ದೇವೆ, ಯಾವ ಅಕ್ಷರ ಒತ್ತಿದೆವು, ಎಲ್ಲವನ್ನೂ ಅದು ಹೇಳುತ್ತದೆ. ಅದಕ್ಕೆ ದನಿ ಕೊಡುವ ಈಸ್ಪೀಕ್ ಎನ್‌ಜಿ ಎಂಬ ಇನ್ನೊಂದು ತಂತ್ರಾಂಶಕ್ಕೆ ಕನ್ನಡವೂ ಬರುತ್ತದೆ, ಉರ್ದುವೂ ಬರುತ್ತದೆ. ದನಿ ರೋಬೋಟ್ ತರಹ ಇದೆ, ನಿಜ. ದಾದಿ ಮೊದಲ ಸಲ ಕೇಳಿದಾಗ, "ಇದಕ್ಕೆ ನೆಗಡಿ ಆಗಿದೆಯಾ?" ಎಂದು ಕೇಳಿದರು.

ಆಗಸ್ಟ್‌ನಲ್ಲಿ ಆಪಾಗೆಂದು ಓರ್ಕಾವನ್ನು ಸಿದ್ಧ ಮಾಡಿದೆ. ಕಂಪ್ಯೂಟರ್ ಆನ್ ಮಾಡಿದರೆ ಪಾಸ್‌ವರ್ಡ್ ಕೇಳದೆ ನೇರ ಡೆಸ್ಕ್‌ಟಾಪ್‌ಗೆ ಹೋಗಬೇಕು, ಓರ್ಕಾ ತಾನೇ ಶುರುವಾಗಬೇಕು. ಎಲ್ಲ ಸರಿಯಾಗಿತ್ತು. ಶಬ್ದವೊಂದು ಬರಲಿಲ್ಲ.

ಮೊದಲು ಸ್ಪೀಕರ್ ಕೆಟ್ಟಿದೆ ಅಂದುಕೊಂಡೆ. ಮೊಬೈಲಿಗೆ ಸಿಕ್ಕಿಸಿದರೆ ಸ್ಪೀಕರ್ ಚೆನ್ನಾಗಿಯೇ ಇತ್ತು. ಇಂಟರ್‌ನೆಟ್‌ನಲ್ಲಿ ಹುಡುಕಿದಾಗ ಒಂದು ಕಮಾಂಡ್ ಸಿಕ್ಕಿತು: 'ಸುಡೋ ಮಾಡ್‌ಪ್ರೋಬ್ ಎಸ್‌ಎನ್‌ಡಿ-ಎಚ್‌ಡಿಎ-ಇಂಟೆಲ್'. ಹೊಡೆದೆ. ಸ್ಪೀಕರ್‌ನಿಂದ 'ಟಕ್' ಎಂದು ಒಂದು ಸದ್ದು ಬಂತು. ಓರ್ಕಾವನ್ನು ನಿಲ್ಲಿಸಿ ಮತ್ತೆ ಶುರು ಮಾಡಿದೆ. ಕಂಪ್ಯೂಟರ್ ಮಾತಾಡಿತು. ಆಪಾ ಚಪ್ಪಾಳೆ ತಟ್ಟಿದಳು. ನನಗೆ ನಾನೇ ದೊಡ್ಡ ಇಂಜಿನಿಯರ್ ಅನ್ನಿಸಿತು.

ಮರುದಿನ ಬೆಳಗ್ಗೆ ಐದೂವರೆಗೆ: "ಯೇ ಬೋಲ್‌ತಾಚ್ ನೈ ರೇ!"

ಕಾರಣ ಇಷ್ಟೇ. ಆ ಕಮಾಂಡ್ ಡ್ರೈವರನ್ನು ಆ ಹೊತ್ತಿಗೆ ಮಾತ್ರ ಲೋಡ್ ಮಾಡುತ್ತದೆ. ಕಂಪ್ಯೂಟರ್ ಆಫ್ ಆದರೆ ಕಥೆ ಮತ್ತೆ ಮೊದಲಿನಿಂದ. ದಿನಾ ನಾನು ಎದ್ದು ಬಂದು ಕಮಾಂಡ್ ಹೊಡೆದು, ನನ್ನ ಪಾಸ್‌ವರ್ಡ್ ಹಾಕಿ ಹೋಗಿ ಮಲಗುತ್ತಿದ್ದೆ. ಒಂದು ನಿಮಿಷದ ಕೆಲಸ, ಇದರಲ್ಲೇನಿದೆ ಅಂದುಕೊಂಡಿದ್ದೆ.

ಹತ್ತು ದಿನವಾದ ಮೇಲೆ ಬೇಸರವಾಗಿ, "ನೀನೇ ಟೈಪ್ ಮಾಡಿಕೋ ಆಪಾ, ಕಲಿಸಿಕೊಡ್ತೀನಿ" ಎಂದೆ. ಟರ್ಮಿನಲ್ ತೆರೆಯಲು ಒಂದು ಶಾರ್ಟ್‌ಕಟ್ ಇಟ್ಟುಕೊಟ್ಟೆ. ಕಮಾಂಡನ್ನು ಅವಳು ಎರಡೇ ಸಲಕ್ಕೆ ಬಾಯಿಪಾಠ ಮಾಡಿದಳು. ಮರುದಿನ ನಿಶ್ಶಬ್ದವಾದ ಕಂಪ್ಯೂಟರ್ ಮುಂದೆ ಕೂತು ಟೈಪ್ ಮಾಡಿ, ಎಂಟರ್ ಹೊಡೆದು ಕಾದಳು. ಏನೂ ಆಗಲಿಲ್ಲ. ನಾನು ಬಂದು ನೋಡಿದರೆ ಟರ್ಮಿನಲ್ ತೆರೆದೇ ಇರಲಿಲ್ಲ.

"ಅದು ತೆರೆದಿದೆಯೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು? ಅದನ್ನ ಹೇಳೋಕೆ ಅಲ್ವಾ ಆ ದನಿ ಇರೋದು?" ಎಂದಳು.

ನಾನು ಸುಮ್ಮನಾದೆ. ದನಿ ಬರಬೇಕಾದರೆ ಕಮಾಂಡ್ ಹೊಡೆಯಬೇಕು, ಕಮಾಂಡ್ ಹೊಡೆಯಬೇಕಾದರೆ ದನಿ ಬೇಕು. ನನಗೆ ಒಂದು ನಿಮಿಷದ ಕೆಲಸವಾಗಿದ್ದದ್ದು ಅವಳಿಗೆ ಹೊರಗಿನಿಂದ ಬೀಗ ಹಾಕಿದ ಬಾಗಿಲು.

ಆದರೂ ನಾನು ಏನೂ ಮಾಡಲಿಲ್ಲ. ಮಿಡ್ ಟರ್ಮ್ ಪರೀಕ್ಷೆ ಇತ್ತು, ಆಮೇಲೆ ನೋಡೋಣ ಅಂದುಕೊಂಡೆ. ಅಕ್ಟೋಬರ್ ರಜೆಯಲ್ಲಿ ಎರಡು ದಿನ ನಾನಿಯ ಊರಿಗೆ ಹೋದೆ. ಹಿಂದಿರುಗಿ ಬಂದಾಗ ಆಪಾ ಏನೂ ಹೇಳಲಿಲ್ಲ. ಅಮ್ಮಿ ಹೇಳಿದರು: ಆಪಾ ಮೇಲ್ ಮಾಡಬೇಕಿದ್ದ ಅಸೈನ್‌ಮೆಂಟಿನ ಕೊನೆಯ ದಿನ ನಾನು ಇಲ್ಲದಾಗಲೇ ಮುಗಿದುಹೋಗಿತ್ತು. ಬರೆದಿಟ್ಟದ್ದೆಲ್ಲ ಆ ಕಂಪ್ಯೂಟರಿನೊಳಗೇ ಇತ್ತು.

"ಫೋನ್ ಮಾಡಬಾರದಿತ್ತಾ?" ಎಂದು ಕೇಳಿದೆ.

"ಮಾಡಿ ಏನಂತ ಹೇಳಲಿ? ಬಸ್ ಹತ್ತಿ ಬಂದು ಎಂಟರ್ ಹೊಡಿ ಅಂತಲಾ?" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಈ ಕಂಪ್ಯೂಟರ್ ನಂದು ಅಂದ್ಕೊಂಡಿದ್ದೆ. ನೀನು ಮನೇಲಿದ್ದಾಗ ಮಾತ್ರ ಇದು ನಂದು."

ಅವಳು ಬೈದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅವತ್ತು ರಾತ್ರಿಯೇ ಕೂತೆ. ಡ್ರೈವರ್ ತಾನಾಗಿ ಲೋಡ್ ಆಗಬೇಕು, ನನ್ನ ಕೈ ಬೇಕಾಗಬಾರದು. ಇಂಟರ್‌ನೆಟ್‌ನಲ್ಲಿ ಇದಕ್ಕೂ ಒಂದು ಉತ್ತರ ಇತ್ತು. ಇಟಿಸಿ ಫೋಲ್ಡರಿನೊಳಗೆ 'ಮಾಡ್ಯೂಲ್ಸ್-ಲೋಡ್ ಡಾಟ್ ಡಿ' ಎಂಬ ಫೋಲ್ಡರ್ ಇದೆ. ಅಲ್ಲಿ ಒಂದು ಫೈಲ್ ಮಾಡಿ ಡ್ರೈವರಿನ ಹೆಸರು ಬರೆದಿಟ್ಟರೆ, ಕಂಪ್ಯೂಟರ್ ಆನ್ ಆದಾಗಲೆಲ್ಲ ಅದನ್ನು ಓದಿ ಲೋಡ್ ಮಾಡುತ್ತದೆ. ಬರೆದೆ. ರೀಸ್ಟಾರ್ಟ್ ಮಾಡಿದೆ. ಶಬ್ದವಿಲ್ಲ. ಕಾಗುಣಿತ ಪರೀಕ್ಷಿಸಿದೆ, ಮತ್ತೆ ಬರೆದೆ, ಮತ್ತೆ ರೀಸ್ಟಾರ್ಟ್. ಇಲ್ಲ. ಕೈಯಿಂದ ಕಮಾಂಡ್ ಹೊಡೆದರೆ ಮಾತ್ರ ತಕ್ಷಣ ಬರುತ್ತದೆ!

ಮರುದಿನ ಕಂಪ್ಯೂಟರ್ ಲ್ಯಾಬ್‌ನಲ್ಲಿ ನಮ್ಮ ಸರ್‌ಗೆ ಹೇಳಿದೆ. ಅವರು ನನಗೆ ಉತ್ತರ ಕೊಡಲಿಲ್ಲ, ಒಂದು ಪ್ರಶ್ನೆ ಕೇಳಿದರು: "ಸಾಮಾನ್ಯವಾಗಿ ಈ ಡ್ರೈವರನ್ನು ಯಾರೂ ಹೆಸರು ಬರೆದು ಲೋಡ್ ಮಾಡಿಸಬೇಕಾಗಿಲ್ಲ. ಅದು ತಾನಾಗಿಯೇ ಬರುತ್ತದೆ. ನಿನ್ನ ಮನೆಯಲ್ಲಿ ಅದನ್ನು ತಡೆಯುತ್ತಿರುವುದು ಏನು?"

ತಾನಾಗಿ ಹೇಗೆ ಬರುತ್ತದೆ ಎಂದು ಅವರು ಬೋರ್ಡಿನ ಮೇಲೆ ಬರೆದು ತೋರಿಸಿದರು. ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ.

ಕಂಪ್ಯೂಟರಿನೊಳಗಿನ ಪ್ರತಿ ಸಾಧನಕ್ಕೂ ನಮ್ಮ ಐಡಿ ಕಾರ್ಡ್‌ನಂತೆ ಸಂಖ್ಯೆ ಇದೆ. ಮೊದಲ ಸಂಖ್ಯೆ ತಯಾರಿಸಿದ ಕಂಪನಿಯದ್ದು, ಎರಡನೆಯದು ಆ ಸಾಧನದ್ದು. ಇಂಟೆಲ್‌ನ ಸಂಖ್ಯೆ 8086. 1978ರಲ್ಲಿ ಬಂದ ಅವರ ಪ್ರಸಿದ್ಧ ಪ್ರೊಸೆಸರಿನ ಹೆಸರೂ ಅದೇ. ನಮ್ಮ ಮನೆಯ ಸೌಂಡ್ ಸಾಧನದ ಸಂಖ್ಯೆ 1ಸಿ20. ಲಿನಕ್ಸ್‌ನ ಕರ್ನಲ್ ಆನ್ ಆಗುವಾಗ ಈ ಸಂಖ್ಯೆಗಳನ್ನು ಓದುತ್ತದೆ. ಆಮೇಲೆ ಯುಡೆವ್ ಎಂಬ ಕೆಲಸಗಾರ, ಇಂಥ ಸಂಖ್ಯೆಯವರು ಬಂದಿದ್ದಾರೆ, ಇವರಿಗೆ ಯಾವ ಡ್ರೈವರ್ ಎಂದು ಮಾಡ್‌ಪ್ರೋಬ್ ಅನ್ನು ಕೇಳುತ್ತದೆ. ಮಾಡ್‌ಪ್ರೋಬ್ ತನ್ನಲ್ಲಿರುವ ದೊಡ್ಡ ರಿಜಿಸ್ಟರ್ ತೆಗೆದು, ಆ ಸಂಖ್ಯೆಯ ಎದುರು ಯಾವ ಡ್ರೈವರಿನ ಹೆಸರಿದೆ ಎಂದು ನೋಡಿ ಲೋಡ್ ಮಾಡುತ್ತದೆ. ಕಾಲೇಜಿನ ಮೊದಲ ದಿನ ಆಫೀಸಿನವರು ನಮ್ಮ ಅಡ್ಮಿಷನ್ ನಂಬರ್ ನೋಡಿ ಯಾವ ಸೆಕ್ಷನ್ ಎಂದು ಹೇಳಿದ ಹಾಗೆ. ನಾವು ಯಾರೂ ನಮ್ಮ ಸೆಕ್ಷನ್ ನಾವೇ ಬರೆದುಕೊಂಡು ಬಂದಿರಲಿಲ್ಲ.

ಲಿನಕ್ಸ್‌ನಲ್ಲಿ ಶಬ್ದದ ಡ್ರೈವರುಗಳನ್ನೆಲ್ಲ ನೋಡಿಕೊಳ್ಳುವ ವ್ಯವಸ್ಥೆಯ ಹೆಸರು ಆಲ್ಸಾ. ಜೆಕ್ ದೇಶದ ಯಾರೋಸ್ಲಾವ್ ಕಿಸೆಲಾ ಎಂಬುವರು 1998ರಲ್ಲಿ ಇದನ್ನು ಶುರು ಮಾಡಿದರು. ಮೊದಲು ಅದು ಗ್ರೇವಿಸ್ ಅಲ್ಟ್ರಾಸೌಂಡ್ ಎಂಬ ಒಂದೇ ಬಗೆಯ ಸೌಂಡ್ ಕಾರ್ಡಿನ ಡ್ರೈವರ್ ಆಗಿತ್ತು. ಬೇರೆಯವರೂ ಸೇರಿ ಬೆಳೆಸಿದರು. 2003ರ ಕೊನೆಗೆ ಬಂದ ಕರ್ನಲ್ 2.6ರಲ್ಲಿ ಅದೇ ಲಿನಕ್ಸ್‌ನ ಮುಖ್ಯ ಶಬ್ದ ವ್ಯವಸ್ಥೆಯಾಯಿತು. ಇಷ್ಟು ಜನ ಇಷ್ಟು ವರ್ಷ ಕೂತು, ಸಾಧನ ಕಂಡ ತಕ್ಷಣ ಡ್ರೈವರ್ ತಾನಾಗಿ ಬರುವಂತೆ ಮಾಡಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಮಾತ್ರ ಬರುತ್ತಿಲ್ಲ ಅಂದರೆ ತಡೆ ನಮ್ಮ ಮನೆಯಲ್ಲೇ ಇದೆ.

"ಜರ್ನಲ್ ಓದಿದೆಯಾ?" ಎಂದು ಸರ್ ಕೇಳಿದರು.

ನಾನು ಕಾಮರ್ಸ್ ವಿದ್ಯಾರ್ಥಿ. ಜರ್ನಲ್ ಅಂದರೆ ನನಗೆ ಡೆಬಿಟ್ ಮತ್ತು ಕ್ರೆಡಿಟ್. ಕಂಪ್ಯೂಟರಿಗೂ ಒಂದು ಜರ್ನಲ್ ಇದೆಯಂತೆ! ಆನ್ ಆದ ಕ್ಷಣದಿಂದ ಏನೇನು ನಡೆಯಿತು ಎಂದು ಸಮಯದ ಸಮೇತ ಅದು ಬರೆದಿಡುತ್ತದೆ. ನೋಡುವ ಕಮಾಂಡಿನ ಹೆಸರೂ 'ಜರ್ನಲ್‌ಸಿಟಿಎಲ್'. ಎರಡು ತಿಂಗಳಿಂದ ಕಂಪ್ಯೂಟರ್ ದಿನಾ ಜರ್ನಲ್ ಬರೆದಿಡುತ್ತಿತ್ತು. ನಾನು ಒಮ್ಮೆಯೂ ತೆರೆದು ನೋಡಿರಲಿಲ್ಲ.

ಸಂಜೆ ಮನೆಗೆ ಬಂದು ಮೊದಲು ಲ್ಯಾಬ್‌ನಲ್ಲಿ ಕಲಿತ 'ಎಲ್‌ಎಸ್‌ಪಿಸಿಐ' ಕಮಾಂಡ್ ಹೊಡೆದೆ. ಸೌಂಡ್ ಸಾಧನ ಪಟ್ಟಿಯಲ್ಲಿತ್ತು. ಅದಕ್ಕೆ ಹೊಂದುವ ಡ್ರೈವರಿನ ಹೆಸರೂ ಇತ್ತು. ಆದರೆ 'ಈಗ ಬಳಕೆಯಲ್ಲಿರುವ ಡ್ರೈವರ್' ಎಂಬ ಸಾಲು ಬೇರೆ ಸಾಧನಗಳಿಗೆಲ್ಲ ಇದ್ದು ಇದಕ್ಕೆ ಮಾತ್ರ ಇರಲಿಲ್ಲ. ಅಂದರೆ ಕಂಪ್ಯೂಟರಿಗೆ ಯಾವ ಡ್ರೈವರ್ ಬೇಕೆಂದು ಗೊತ್ತಿದೆ, ಆದರೂ ಕರೆಯುತ್ತಿಲ್ಲ. ಜರ್ನಲ್ ತೆರೆದೆ. ನಾನು ಹೆಸರು ಬರೆದಿಟ್ಟಿದ್ದ ಫೈಲನ್ನು ಓದುವ ಸೇವೆಯ ಹೆಸರಿನಲ್ಲೇ ಒಂದು ಸಾಲು ಸಿಕ್ಕಿತು: ಈ ಮಾಡ್ಯೂಲ್ ನಿಷೇಧ ಪಟ್ಟಿಯಲ್ಲಿದೆ.

ಯಾರು ನಿಷೇಧಿಸಿದ್ದು? ನಿಷೇಧದ ಪಟ್ಟಿಗಳು ಇರುವುದು 'ಮಾಡ್‌ಪ್ರೋಬ್ ಡಾಟ್ ಡಿ' ಎಂಬ ಫೋಲ್ಡರಿನಲ್ಲಿ. ಅಲ್ಲಿ ಹುಡುಕಿದೆ. 'ಮೈ-ಫಿಕ್ಸ್' ಎಂಬ ಹೆಸರಿನ ಫೈಲ್ ಸಿಕ್ಕಿತು. ಒಳಗೆ ಎರಡೇ ಸಾಲು. ಮೊದಲ ಸಾಲು: 'ಟೆಂಪರರಿ. ಎಕ್ಸಾಮ್ ಆದ ಮೇಲೆ ತೆಗೆಯಬೇಕು.' ಎರಡನೆಯದು: 'ಬ್ಲ್ಯಾಕ್‌ಲಿಸ್ಟ್ ಎಸ್‌ಎನ್‌ಡಿ-ಎಚ್‌ಡಿಎ-ಇಂಟೆಲ್.' ಫೈಲಿನ ತಾರೀಖು ಫೆಬ್ರವರಿಯದ್ದು.

ಬರೆದವನು ನಾನೇ.

ನೆನಪಾಯಿತು. ಫಸ್ಟ್ ಪಿಯುಸಿ ವಾರ್ಷಿಕ ಪರೀಕ್ಷೆಯ ಸಮಯ. ರಾತ್ರಿ ಅಕೌಂಟೆನ್ಸಿ ವೀಡಿಯೊ ನೋಡಲು ಯುಎಸ್‌ಬಿ ಹೆಡ್‌ಸೆಟ್ ಹಾಕಿಕೊಳ್ಳುತ್ತಿದ್ದೆ. ಆದರೂ ಸ್ಪೀಕರ್ ಆಗಾಗ ತನ್ನಷ್ಟಕ್ಕೆ 'ಟಕ್' ಎನ್ನುತ್ತಿತ್ತು. ಪಕ್ಕದಲ್ಲಿ ಮಲಗಿದ್ದ ದಾದಿಗೆ ಎಚ್ಚರವಾಗುತ್ತಿತ್ತು. ಅದನ್ನು ನಿಲ್ಲಿಸಲು ಎಲ್ಲಿಂದಲೋ ಈ ಸಾಲನ್ನು ಕಾಪಿ ಮಾಡಿ ಹಾಕಿದ್ದೆ. ಟಕ್ ನಿಂತಿತು. ಹೆಡ್‌ಸೆಟ್‌ಗೆ ಬೇರೆಯೇ ಡ್ರೈವರ್ ಇರುವುದರಿಂದ ಅದು ಕೆಲಸ ಮಾಡುತ್ತಲೇ ಇತ್ತು. ಪರೀಕ್ಷೆ ಮುಗಿಯಿತು, ಹೆಡ್‌ಸೆಟ್ ವೈರ್ ಕಿತ್ತುಹೋಯಿತು, ಕಂಪ್ಯೂಟರಿನ ಮೇಲೆ ಅಮ್ಮಿ ಬಟ್ಟೆ ಮುಚ್ಚಿದರು, ನಾನು ಮರೆತೆ.

ಈ ನಿಷೇಧದ ಸ್ವಭಾವವೂ ವಿಚಿತ್ರ. ಅದು ಡ್ರೈವರ್ ತಾನಾಗಿ ಬರುವುದನ್ನು ಮಾತ್ರ ತಡೆಯುತ್ತದೆ. ಹೆಸರು ಹಿಡಿದು ಕೈಯಿಂದ ಕರೆದರೆ ತಡೆಯುವುದಿಲ್ಲ. ಅದಕ್ಕೇ ನಾನು ಹೊಡೆದ ಕಮಾಂಡ್ ದಿನಾ ಕೆಲಸ ಮಾಡುತ್ತಿತ್ತು, ಅದಕ್ಕೇ ನಾನು ತಪ್ಪನ್ನು ಹುಡುಕಲೇ ಇಲ್ಲ. ನನಗೆ ದಾರಿ ತೆರೆದಿತ್ತು, ಆಪಾಗೆ ಮುಚ್ಚಿತ್ತು. ಮುಚ್ಚಿದವನೂ ನಾನೇ, ದಿನಾ ತೆರೆದುಕೊಟ್ಟು ಶಹಬ್ಬಾಸ್ ಅನ್ನಿಸಿಕೊಂಡವನೂ ನಾನೇ.

ಅಕೌಂಟೆನ್ಸಿಯಲ್ಲಿ 'ರೆಕ್ಟಿಫಿಕೇಷನ್ ಆಫ್ ಎರರ್ಸ್' ಪಾಠ ನೆನಪಿದೆಯಲ್ಲ? ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ಎರಡು ಕಡೆ ಸಮವಾಗುತ್ತದೆ, ಆದರೆ ತಪ್ಪು ಪುಸ್ತಕದೊಳಗೇ ಉಳಿದಿರುತ್ತದೆ. ಅದನ್ನು ಹುಡುಕಿ ತಿದ್ದಿದ ಮೇಲೆಯೇ ಸಸ್ಪೆನ್ಸ್ ಖಾತೆ ಮುಚ್ಚುವುದು. ನನ್ನ ಬೆಳಗಿನ ಕಮಾಂಡ್ ಒಂದು ಸಸ್ಪೆನ್ಸ್ ಖಾತೆಯಾಗಿತ್ತು. ಎರಡು ತಿಂಗಳು ಅದನ್ನು ಮುಂದಕ್ಕೆ ಎಳೆದುಕೊಂಡು ಬಂದಿದ್ದೆ.

ತಿದ್ದಲು ಐದು ನಿಮಿಷ ಸಾಕಾಯಿತು. ನಿಷೇಧದ ಸಾಲು ಅಳಿಸಿದೆ. ಹಿಂದಿನ ರಾತ್ರಿ ಡ್ರೈವರಿನ ಹೆಸರು ಬರೆದಿಟ್ಟಿದ್ದ ಫೈಲನ್ನೂ ತೆಗೆದೆ, ಅದರ ಅಗತ್ಯ ಇರಲಿಲ್ಲ. ಆದರೆ ದಾದಿಯ ನಿದ್ದೆ ಕೆಡಿಸುವ 'ಟಕ್' ಮತ್ತೆ ಬರುತ್ತದಲ್ಲ? ಈ ಸಲ ಕಾರಣ ಓದಿದೆ. ಸ್ವಲ್ಪ ಹೊತ್ತು ಶಬ್ದವಿಲ್ಲದಿದ್ದರೆ ವಿದ್ಯುತ್ ಉಳಿಸಲು ಡ್ರೈವರ್ ಸೌಂಡ್ ಸಾಧನವನ್ನು ಮಲಗಿಸುತ್ತದೆ. ಅದು ಮಲಗುವಾಗ, ಏಳುವಾಗ ಕೆಲವು ಯಂತ್ರಗಳಲ್ಲಿ ಸ್ಪೀಕರ್ ಟಕ್ ಎನ್ನುತ್ತದೆ. ಡ್ರೈವರನ್ನೇ ಹೊರಗಿಡಬೇಕಾಗಿಲ್ಲ, ಮಲಗಬೇಡ ಎಂದು ಹೇಳಿದರೆ ಸಾಕು. ಅದೇ ಫೈಲಿನಲ್ಲಿ ಆ ಡ್ರೈವರಿಗೆ 'ಪವರ್-ಸೇವ್' ಸೊನ್ನೆ ಎಂದು ಒಂದು ಸಾಲು ಬರೆದೆ. ಫೆಬ್ರವರಿಯಲ್ಲೇ ಬರೆಯಬೇಕಿದ್ದ ಸಾಲು ಅದು.

ರೀಸ್ಟಾರ್ಟ್ ಮಾಡಲು ಆಪಾಳನ್ನೇ ಕರೆದೆ. ಅವಳು ಬಟನ್ ಒತ್ತಿದಳು. ನಾನು ಎರಡು ಕೈ ಹಿಂದಕ್ಕೆ ಕಟ್ಟಿ ನಿಂತೆ. ಫ್ಯಾನ್ ತಿರುಗಿತು. ಅರ್ಧ ನಿಮಿಷದ ಮೇಲೆ ಆ ನೆಗಡಿ ಹಿಡಿದ ದನಿ, ಸ್ಕ್ರೀನ್ ರೀಡರ್ ಶುರುವಾಗಿದೆ ಎಂದಿತು. ಆಪಾ ಮೊದಲು ನಂಬಲಿಲ್ಲ. "ನೀನು ಏನಾದ್ರೂ ಹೊಡೆದ್ಯಾ?" ಎಂದಳು. ಆಫ್ ಮಾಡಿ ಇನ್ನೊಮ್ಮೆ ಆನ್ ಮಾಡಿದಳು. ಮತ್ತೆ ಮಾತಾಡಿತು. ಮೂರನೇ ಸಲ ನನ್ನನ್ನು ಕೋಣೆಯ ಹೊರಗೆ ಕಳಿಸಿ ಆನ್ ಮಾಡಿದಳು. ಆಗಲೂ ಮಾತಾಡಿತು. ಅಲ್ಹಮ್ದುಲಿಲ್ಲಾಹ್.

ಆಮೇಲೆ ಫೆಬ್ರವರಿಯ ಫೈಲಿನ ವಿಷಯ ಹೇಳಿಬಿಟ್ಟೆ. ಹೇಳದಿದ್ದರೆ ಅವಳಿಗೆ ಗೊತ್ತಾಗುತ್ತಿರಲಿಲ್ಲ, ಆದರೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಸೈನ್‌ಮೆಂಟ್ ಮೇಡಂ ತಗೊಂಡ್ರು, ಮಾರ್ಕ್ಸ್ ಸ್ವಲ್ಪ ಕಟ್ ಮಾಡ್ತಾರಂತೆ. ಅದು ಬಿಡು. ಇನ್ನು ಮುಂದೆ ಇದರಲ್ಲಿ ಏನು ಬರೆದ್ರೂ ನಂಗೂ ಹೇಳು" ಎಂದಳು. ಅವಳು ಕೇಳಿದ್ದು ನ್ಯಾಯ. ಕಂಪ್ಯೂಟರ್ ಅವಳದ್ದು, ಒಳಗೆ ಏನಿದೆ ಎಂದು ಅವಳಿಗೆ ಗೊತ್ತಿರಬೇಕು. ಪಾಸ್‌ವರ್ಡನ್ನೂ ಈಗ ಅವಳೇ ಬದಲಾಯಿಸಿ ಇಟ್ಟುಕೊಂಡಿದ್ದಾಳೆ. ನಾನು ಏನಾದರೂ ಮಾಡಬೇಕಾದರೆ ಅವಳನ್ನು ಕೇಳಬೇಕು.

ಜರ್ನಲ್ ಎಂಟ್ರಿ ಬರೆದಾಗ ಕೆಳಗೆ ನರೇಷನ್ ಬರೆಯದಿದ್ದರೆ ನಮ್ಮ ಅಕೌಂಟೆನ್ಸಿ ಮೇಡಂ ಅರ್ಧ ಮಾರ್ಕ್ ಕಡಿಮೆ ಮಾಡುತ್ತಾರೆ. ಇಷ್ಟು ಸಣ್ಣದಕ್ಕೆ ಯಾಕೆ ಎಂದು ನಾವೆಲ್ಲ ಗೊಣಗುತ್ತಿದ್ದೆವು. ಈಗ ಕಂಪ್ಯೂಟರ್ ಪಕ್ಕದಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ, ಅದೇ ಪಾಠವನ್ನು ಆಪಾಗಾಗಿ ಒಂದು ಫೈಲಿನಲ್ಲೂ ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿ ಇಡುತ್ತೇನೆ. ತಾರೀಖು, ಯಾವ ಫೈಲು, ಯಾವ ಸಾಲು, ಯಾಕೆ ಬರೆದೆ, ಯಾವಾಗ ತೆಗೆಯಬೇಕು. ಸ್ನೇಹಿತರೇ, ನಿಮ್ಮ ಕಂಪ್ಯೂಟರಿನಲ್ಲೂ ಎಲ್ಲಿಂದಲೋ ಕಾಪಿ ಮಾಡಿದ ಸಾಲು ಹಾಕುವ ಮೊದಲು ಇಷ್ಟು ಬರೆದಿಡಿ. ಆ ಸಾಲು ಯಾರ ದಾರಿಗೆ ಅಡ್ಡ ಬರುತ್ತದೆ ಎಂದು ಆವತ್ತೇ ನಮಗೆ ಕಾಣುವುದಿಲ್ಲ.

ಇವತ್ತು ಬೆಳಗ್ಗೆ ಐದೂವರೆಗೆ ಗೋಡೆಯಾಚೆ ಆ ರೋಬೋಟ್ ದನಿ ಅಕ್ಷರ ಅಕ್ಷರವಾಗಿ ಏನನ್ನೋ ಓದುತ್ತಿತ್ತು. ಯಾರೂ ನನ್ನನ್ನು ಕರೆಯಲಿಲ್ಲ. ಮಗ್ಗುಲಾಗಿ ಮಲಗಿದೆ. ಎರಡು ನಿಮಿಷಕ್ಕೆ ಆಪಾ ಬಾಗಿಲ ಬಳಿ ಬಂದು ಕಂಬಳಿ ಎಳೆದಳು.

"ಮತ್ತೆ ಮಾತಾಡ್ತಿಲ್ವಾ?" ಎಂದೆ, ಗಾಬರಿಯಿಂದ.

"ಅದು ಮಾತಾಡ್ತಿದೆ. ನೀನು ಎದ್ದು ನಮಾಜ್ ಮಾಡು."